ಎಂಜಿನ್ ಜೋರಾಗಿ ಕೂಗುತ್ತದೆ, ಪ್ರಾಪ್ ಮಾತ್ರ ತಳ್ಳುವುದಿಲ್ಲ

ಪ್ರಶ್ನೆ: ನನ್ನ ಹತ್ತಿರ 185 ಸಿಸಿಯ ಟೂ-ಸ್ಟ್ರೋಕ್ ಪ್ಯಾರಾಮೋಟರ್ (ಬೆನ್ನಿಗೆ ಕಟ್ಟಿಕೊಂಡು ಪ್ಯಾರಾಗ್ಲೈಡರ್ ರೆಕ್ಕೆಯಡಿ ಹಾರುವ ಎಂಜಿನ್) ಇದೆ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಗೇರ್ ರಿಡಕ್ಷನ್ (ಎಂಜಿನ್ನಿನ ಸುತ್ತು ಇಳಿಸಿ ಪ್ರೊಪೆಲ್ಲರಿಗೆ, ಅಂದರೆ ಪ್ರಾಪಿಗೆ, ದಾಟಿಸುವ ಗೇರ್), ಕ್ಲಚ್ ಇರುವ ಮಾದರಿ. ಒಟ್ಟು ಸುಮಾರು 90 ಗಂಟೆ ಓಡಿದೆ. ಒಂದು ತಿಂಗಳಿಂದ ಐಡಲ್‌ನಲ್ಲೇ (ಥ್ರಾಟಲ್ ಪೂರ್ತಿ ಬಿಟ್ಟಾಗಲೇ) ಪ್ರಾಪ್ ನಿಧಾನವಾಗಿ ತಿರುಗುತ್ತದೆ, ಕಟಕಟ ಸದ್ದು ಬರುತ್ತದೆ. ಐಡಲ್ ಸ್ಕ್ರೂ ಇಳಿಸಿದರೆ ಒಂದೆರಡು ಹಾರಾಟ ಸರಿ ಇರುತ್ತದೆ, ಆಮೇಲೆ ಮತ್ತೆ ಏರುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಮೊದಲು 7700 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ತೋರಿಸುತ್ತಿದ್ದ ಮೀಟರ್ ಈಗ 8000 ತೋರಿಸುತ್ತದೆ. ಆದರೆ ಮೇಲೇರುವ ವೇಗ ಕಡಿಮೆಯಾಗಿದೆ. ಇಳಿದ ಮೇಲೆ ಸುಟ್ಟ ವಾಸನೆ. ಎರಡು ತಿಂಗಳ ಹಿಂದೆ ಗೇರ್ ಆಯಿಲ್ ಬದಲಿಸಿದ್ದೆ, ಇರಲಿ ಅಂತ ಸ್ವಲ್ಪ ಜಾಸ್ತಿಯೇ ಹಾಕಿದ್ದೆ. ಗೇರ್ ಸವೆದಿದೆಯಾ? ಬೆಲ್ಟ್ ರಿಡಕ್ಷನ್‌ಗೆ ಬದಲಾಯಿಸು ಅಂತ ಗೆಳೆಯರೊಬ್ಬರು ಹೇಳುತ್ತಿದ್ದಾರೆ. ಹಾಗೆ ಮಾಡಲೇ?

ಉತ್ತರ: ಮೊದಲ ಮಾತು. ಈ ಉತ್ತರ ಓದಿ, ಪರೀಕ್ಷೆ ಮುಗಿಸುವವರೆಗೆ ಈ ಎಂಜಿನ್ ಹಾಕಿಕೊಂಡು ಹಾರಬೇಡಿ. ಗೇರ್ ಮುರಿಯುತ್ತದೆ ಅನ್ನುವ ಭಯಕ್ಕೆ ಹೇಳುತ್ತಿಲ್ಲ. ನೀವು ಬರೆದ ಒಂದು ಸಣ್ಣ ವಿಷಯ ನನ್ನನ್ನು ಕಾಡುತ್ತಿದೆ: "ಐಡಲ್ ಇಳಿಸಿದರೂ ಮತ್ತೆ ಏರುತ್ತದೆ." ಅದು ರಿಡಕ್ಷನ್ನಿನ ತೊಂದರೆ ಅಲ್ಲದೇ ಇರಬಹುದು. ಎಂಜಿನ್ ಎಲ್ಲಿಂದಲೋ ಕಳ್ಳಗಾಳಿ ಎಳೆದುಕೊಳ್ಳುತ್ತಿರಬಹುದು. ಹಾಗಿದ್ದರೆ ಮುಂದೆ ಹೋಗುವುದು ಪಿಸ್ಟನ್.

ಗೇರ್ ಸವೆದಿದೆಯಾ ಅಂತ ಕೇಳಿದ್ದೀರಿ. ಸ್ವಲ್ಪ ಯೋಚಿಸಿ ನೋಡಿ. ಗೇರ್ ಹಲ್ಲು ಒಂದಕ್ಕೊಂದು ಕಚ್ಚಿಕೊಂಡಿರುತ್ತದೆ. ಅದು ಸವೆದರೆ ಸದ್ದು ಮಾಡುತ್ತದೆ, ಮುರಿದರೆ ನಿಂತೇ ಹೋಗುತ್ತದೆ. ಆದರೆ ಜಾರುವುದಿಲ್ಲ. ಎಂಜಿನ್ ಜಾಸ್ತಿ ಸುತ್ತುತ್ತಿದೆ, ಪ್ರಾಪ್ ಕಡಿಮೆ ತಳ್ಳುತ್ತಿದೆ ಅಂದರೆ ನಡುವೆ ಏನೋ ಜಾರುತ್ತಿದೆ. ನಿಮ್ಮ ಮಾದರಿಯಲ್ಲಿ ಜಾರಲು ಸಾಧ್ಯವಿರುವುದು ಒಂದೇ ಜಾಗ, ಕ್ಲಚ್. (ಪ್ರಾಪ್ ತುದಿ ಮುರಿದಿದ್ದರೆ ಅಥವಾ ಇತ್ತೀಚೆಗೆ ಬೇರೆ ಪ್ರಾಪ್ ಹಾಕಿದ್ದರೆ ಲೋಡ್ ಕಡಿಮೆಯಾಗಿ ಹೀಗೇ ಆಗಬಹುದು. ಅದನ್ನು ಕಣ್ಣಲ್ಲೇ ನೋಡಿ ಬಿಡಿ.)

ಆ ಕ್ಲಚ್ ನಿಮಗೆ ಹೊಸದೇನಲ್ಲ. ಗೇರ್ ಇಲ್ಲದ ಸ್ಕೂಟರಿನ ಹಿಂದಿನ ಚಕ್ರದ ಹತ್ತಿರ ಇರುವುದು, ಅಡಿಕೆ ತೋಟದಲ್ಲಿ ಕಳೆ ಕೊಚ್ಚುವ ಯಂತ್ರದಲ್ಲಿರುವುದು ಇದೇ ಜಾತಿಯದು. ಎಂಜಿನ್ನಿನ ತಿರುಗುವ ಶಾಫ್ಟ್, ಅಂದರೆ ಕ್ರ್ಯಾಂಕಿನ ಜೊತೆ ಶೂಗಳು (ಬ್ರೇಕ್ ಶೂನಂಥ ತುಂಡುಗಳು) ಸುತ್ತುತ್ತವೆ. ಸ್ಪ್ರಿಂಗು ಅವನ್ನು ಒಳಗೆ ಹಿಡಿದಿಟ್ಟಿರುತ್ತದೆ. ವೇಗ ಹೆಚ್ಚಿದಾಗ ಶೂಗಳು ಹೊರಗೆ ಚಿಮ್ಮಿ ಕ್ಲಚ್ ಬೆಲ್ಲಿನ (ಶೂಗಳನ್ನು ಸುತ್ತುವರಿದ ಬಟ್ಟಲಿನಂಥ ಡ್ರಮ್ಮಿನ) ಒಳಮೈಗೆ ಒತ್ತಿಕೊಳ್ಳುತ್ತವೆ. ಬೆಲ್ ತಿರುಗಿದರೆ ಚಿಕ್ಕ ಗೇರ್ ತಿರುಗುತ್ತದೆ, ಅದು ದೊಡ್ಡ ಗೇರನ್ನು, ದೊಡ್ಡ ಗೇರ್ ಪ್ರಾಪನ್ನು ತಿರುಗಿಸುತ್ತದೆ. ಹೆಚ್ಚಿನ ಎಂಜಿನ್ನುಗಳಲ್ಲಿ ಐಡಲ್ 2000ದ ಆಸುಪಾಸು ಇರುತ್ತದೆ. ಕ್ಲಚ್ ಹಿಡಿಯುವುದು 3000ದ ಆಸುಪಾಸು. ನಡುವಿನ ಈ ಅಂತರವೇ ನಿಮ್ಮ ಬೆರಳುಗಳ ರಕ್ಷಣೆ. ಐಡಲ್ ಏರಿ 2600, 2700ಕ್ಕೆ ಬಂದರೆ ಶೂಗಳು ಬೆಲ್ಲನ್ನು ಅರ್ಧಂಬರ್ಧ ಸವರತೊಡಗುತ್ತವೆ. ಪ್ರಾಪ್ ತೆವಳುತ್ತದೆ. ಒಂದೇ ಸಿಲಿಂಡರಿನ ಎಂಜಿನ್ ಐಡಲ್‌ನಲ್ಲಿ ಏಕಸಮ ಸುತ್ತುವುದಿಲ್ಲ, ಹೊಡೆತ ಹೊಡೆತವಾಗಿ ಸುತ್ತುತ್ತದೆ. ಆ ಹೊಡೆತ ಅರೆಬರೆ ಹಿಡಿದ ಕ್ಲಚ್ಚಿನಿಂದ ಗೇರಿಗೆ ದಾಟುತ್ತದೆ. ಹಲ್ಲುಗಳ ನಡುವಿನ ಸಂದಿನಲ್ಲಿ ಗೇರ್ ಹಿಂದೆ ಮುಂದೆ ಬಡಿದುಕೊಳ್ಳುತ್ತದೆ. ನೀವು ಕೇಳುತ್ತಿರುವ ಕಟಕಟ ಬಹುಶಃ ಇದೇ. ಗೇರ್ ಹಾಳಾಗಿಲ್ಲ, ಅದಕ್ಕೆ ಪೆಟ್ಟು ಬೀಳುತ್ತಿದೆ.

ರಿಡಕ್ಷನ್ ಯಾಕೆ ಬೇಕು ಅನ್ನುವುದನ್ನೂ ಒಂದು ಲೆಕ್ಕದಲ್ಲಿ ಹೇಳಿಬಿಡುತ್ತೇನೆ, ಮುಂದಿನ ಪರೀಕ್ಷೆಗೆ ಅದು ಬೇಕಾಗುತ್ತದೆ. 125 ಸೆಂ.ಮೀ. ಪ್ರಾಪ್ ಒಂದು ಸುತ್ತಿಗೆ ತುದಿಯಲ್ಲಿ ಸುಮಾರು 3.93 ಮೀಟರ್ ಓಡುತ್ತದೆ. ಅದನ್ನು ನೇರ ಕ್ರ್ಯಾಂಕಿಗೇ ಕಟ್ಟಿ 7800 ಆರ್‌ಪಿಎಂನಲ್ಲಿ ಸುತ್ತಿಸಿದರೆ ತುದಿಯ ವೇಗ ಸೆಕೆಂಡಿಗೆ 510 ಮೀಟರ್. ಶಬ್ದದ ವೇಗವೇ ಸುಮಾರು 340. ಕಿವಿ ಹರಿಯುವ ಸದ್ದು ಬರುತ್ತದೆ, ತಳ್ಳುವ ಬಲ ಬರುವುದಿಲ್ಲ. 2.68 ಪಟ್ಟು ಇಳಿಸಿದರೆ ಪ್ರಾಪ್ 2910 ಸುತ್ತುತ್ತದೆ, ತುದಿ 190 ಮೀಟರಿಗೆ ಇಳಿಯುತ್ತದೆ. ಇಷ್ಟಕ್ಕೇ ಈ ಗೇರ್ ಪೆಟ್ಟಿಗೆ.

ಈಗ ಪರೀಕ್ಷೆ. ಏನನ್ನೂ ಬಿಚ್ಚುವ ಮುಂಚೆ ಜಾರುತ್ತಿದೆಯೋ ಇಲ್ಲವೋ ಅಂತ ಅಳೆಯಿರಿ. ಸುಮ್ನೆ ಊಹೆ ಮಾಡಿ ಕ್ಲಚ್ ಶೂ ತರಿಸಿದರೆ ದುಡ್ಡೂ ದಂಡ, ದಿನವೂ ದಂಡ. ಹಲವರು ಅಗ್ಗದ ಲೇಸರ್ ಟ್ಯಾಕೋಮೀಟರ್ ತಂದು ಪ್ರಾಪಿನ ಮೇಲೆ ಬೆಳ್ಳಿ ಟೇಪ್ ಅಂಟಿಸುತ್ತಾರೆ. ಆ ಮೀಟರು ಸರಿಯಾಗಿ ಓದಬೇಕಾದರೆ ಅರ್ಧ ಮೀಟರಿನ ಒಳಗೆ ಹಿಡಿಯಬೇಕು. ಪೂರ್ತಿ ಥ್ರಾಟಲ್‌ನಲ್ಲಿರುವ ಪ್ರಾಪಿಗೆ ಅಷ್ಟು ಹತ್ತಿರ ಕೈ ತರುವುದು ಬೇಡವೇ ಬೇಡ. ಇದಕ್ಕಿಂತ ಒಳ್ಳೆಯ ದಾರಿ ನಿಮ್ಮ ಜೇಬಿನಲ್ಲೇ ಇದೆ.

ನೀವು ಎಂಜಿನ್ ಹೊತ್ತು, ಬೆಲ್ಟುಗಳನ್ನೆಲ್ಲ ಬಿಗಿದುಕೊಂಡು, ಕಾಲು ಊರಿ ನಿಲ್ಲಿ. ಸಹಾಯಕ್ಕೆ ಬಂದವರು ಹತ್ತು ಮೀಟರ್ ದೂರದಲ್ಲಿ, ಓರೆಯಾಗಿ ಮುಂದೆ ನಿಂತು ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಲಿ. ಪ್ರಾಪ್ ಸುತ್ತುವ ನೇರಕ್ಕೆ ಯಾರೂ ನಿಲ್ಲಬಾರದು. ಚೂರು ಹಾರಿದರೆ ಆ ನೇರಕ್ಕೇ ಹಾರುವುದು. ಮೊದಲು ಅರ್ಧ ಥ್ರಾಟಲ್‌ನಲ್ಲಿ ಹತ್ತು ಸೆಕೆಂಡ್, ಆಮೇಲೆ ಪೂರ್ತಿ ಥ್ರಾಟಲ್‌ನಲ್ಲಿ ಹತ್ತು ಸೆಕೆಂಡ್. ಅದಕ್ಕಿಂತ ಜಾಸ್ತಿ ಬೇಡ. ಮನೆಗೆ ಬಂದು ಆ ರೆಕಾರ್ಡಿಂಗನ್ನು ಸದ್ದಿನ ಸ್ಪೆಕ್ಟ್ರಮ್ (ಯಾವ ಸ್ವರ ಎಷ್ಟು ಜೋರಾಗಿದೆ ಅನ್ನುವ ಚಿತ್ರ) ತೋರಿಸುವ ಯಾವುದಾದರೂ ಉಚಿತ ಆ್ಯಪ್‌ನಲ್ಲಿ ತೆರೆಯಿರಿ.

ಅಲ್ಲಿ ಎರಡು ಗೆರೆಗಳು ಎದ್ದು ಕಾಣುತ್ತವೆ. ಟೂ-ಸ್ಟ್ರೋಕ್ ಎಂಜಿನ್ ಪ್ರತಿ ಸುತ್ತಿಗೂ ಒಮ್ಮೆ ಸಿಡಿಯುತ್ತದೆ. ಹಾಗಾಗಿ 8000 ಆರ್‌ಪಿಎಂ ಅಂದರೆ ಸೆಕೆಂಡಿಗೆ 133 ಸಿಡಿತ, ಅಂದರೆ 133 ಹರ್ಟ್ಸ್. ಎರಡು ಎಲೆಯ ಪ್ರಾಪ್ ಒಂದು ಸುತ್ತಿಗೆ ಎರಡು ಸಲ ಗಾಳಿಯನ್ನು ಬಡಿಯುತ್ತದೆ. ನಿಮ್ಮದು 2.68ರ ರಿಡಕ್ಷನ್ ಆಗಿದ್ದರೆ ಪ್ರಾಪ್ 2985 ಸುತ್ತಬೇಕು, ಅದರ ಗೆರೆ ಸುಮಾರು 99.5 ಹರ್ಟ್ಸ್‌ನಲ್ಲಿ ಸಿಗಬೇಕು. ಅದು 92ರ ಹತ್ತಿರ ಸಿಕ್ಕರೆ ಪ್ರಾಪ್ ಸುತ್ತುತ್ತಿರುವುದು 2750ರ ಆಸುಪಾಸು ಮಾತ್ರ. ಅಂದರೆ ನೂರಕ್ಕೆ ಎಂಟರಷ್ಟು ಜಾರುತ್ತಿದೆ. ಕೆಳಗಿನ ಸ್ವರ ಫೋನಿಗೆ ಸರಿಯಾಗಿ ಸಿಗದಿದ್ದರೆ ಅದರ ಎರಡರಷ್ಟು, ಮೂರರಷ್ಟಿನಲ್ಲಿ ಬರುವ ಗೆರೆ ನೋಡಿ ಭಾಗಿಸಿಕೊಳ್ಳಿ.

ಒಂದೇ ಎಂಜಿನ್ ಬೇರೆ ಬೇರೆ ರಿಡಕ್ಷನ್‌ನಲ್ಲಿ ಬರುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಯಾವುದಿದೆಯೋ ಖಚಿತವಾಗಿ ಗೊತ್ತಿರುವುದಿಲ್ಲ. ಅದಕ್ಕೇ ಅರ್ಧ ಥ್ರಾಟಲ್‌ನ ರೆಕಾರ್ಡಿಂಗ್ ಕೇಳಿದ್ದು. ಗೇರಿನ ಲೆಕ್ಕ ಯಾವ ಥ್ರಾಟಲ್‌ನಲ್ಲೂ ಬದಲಾಗುವುದಿಲ್ಲ. ಎರಡೂ ಕಡೆ ಎಂಜಿನ್ ಗೆರೆಯನ್ನು ಪ್ರಾಪ್ ಗೆರೆಯಿಂದ ಭಾಗಿಸಿ. ಅರ್ಧದಲ್ಲಿ 1.34 ಬಂದು ಪೂರ್ತಿಯಲ್ಲಿ 1.45 ಬಂದರೆ, ಲೋಡ್ ಬಿದ್ದಾಗ ಕ್ಲಚ್ ಜಾರುತ್ತಿದೆ ಅಂತಲೇ ಅರ್ಥ. ಬೇರೆ ಅರ್ಥ ಇಲ್ಲ.

ಎಂಟು ಪರ್ಸೆಂಟ್ ತಾನೇ ಅನ್ನಿಸಬಹುದು. 25 ಎಚ್‌ಪಿ ಎಂಜಿನ್ನಿನಲ್ಲಿ ಅಷ್ಟು ಜಾರಿದರೆ ಒಂದು ಕಿಲೋವ್ಯಾಟ್‌ಗೂ ಜಾಸ್ತಿ ಶಕ್ತಿ ಶಾಖವಾಗಿ ಕ್ಲಚ್ಚಿನೊಳಗೇ ಉಳಿಯುತ್ತದೆ. ಬಕೆಟ್ ನೀರು ಕಾಯಿಸುವ ಕಾಯಿಲ್ ಹೀಟರನ್ನು ಅಂಗೈಯಗಲದ ಒಂದು ಡಬ್ಬಿಯೊಳಗೆ ಹೊತ್ತಿಸಿಟ್ಟ ಹಾಗೆ. ನಿಮ್ಮ ಮೂಗಿಗೆ ಬಂದ ಸುಟ್ಟ ವಾಸನೆ ಅದರದೇ ಇರಬೇಕು.

ಜಾರುತ್ತಿರುವುದು ಖಚಿತವಾದರೆ ಬಿಚ್ಚೋಣ. ಮೊದಲು ಪ್ಲಗ್ ಕ್ಯಾಪ್ ತೆಗೆದು ದೂರ ಕಟ್ಟಿಡಿ. ಕಿಲ್ ಸ್ವಿಚ್ ಒತ್ತಿದ್ದೇನೆ ಅಂತ ನಂಬಬೇಡಿ. ಕ್ಲಚ್ ಬಿಟ್ಟಿದೆ, ಪ್ರಾಪ್ ತಿರುಗಲ್ಲ ಅಂತಲೂ ನಂಬಬೇಡಿ. ನಿಮ್ಮ ಪ್ರಾಪ್ ಈಗ ಐಡಲ್‌ನಲ್ಲೇ ತಿರುಗುತ್ತಿದೆ ಅನ್ನುವುದು ನೆನಪಿರಲಿ. ಮೊದಲು ಪ್ರಾಪ್ ಬಿಚ್ಚಿ ಪಕ್ಕಕ್ಕಿಡಿ, ಆಮೇಲೆ ಗೇರ್ ಆಯಿಲ್ ಇಳಿಸಿ, ಆಮೇಲೆ ಗೇರ್ ಪೆಟ್ಟಿಗೆ ತೆಗೆಯಿರಿ. ಇಳಿಸಿದ ಆಯಿಲನ್ನು ಚೆಲ್ಲಬೇಡಿ. ಅಳತೆಯ ಗುರುತಿರುವ ಬಾಟಲಿಗೆ ಹಿಡಿದು ಎಷ್ಟಿದೆ ಅಂತ ಬರೆದಿಡಿ.

ಬೆಲ್ ತೆಗೆದು ಶೂ ನೋಡಿದರೆ ಬಹುಶಃ ಮೈಯೆಲ್ಲ ಎಣ್ಣೆ ಮೆತ್ತಿರುತ್ತದೆ, ಕಪ್ಪಗೆ ಹೊಳೆಯುತ್ತಿರುತ್ತದೆ. ಇಲ್ಲಿ ದಯವಿಟ್ಟು ಬನಿಯನ್ ವೇಸ್ಟ್ ತೆಗೆದುಕೊಂಡು ತಕ್ಷಣ ಒರೆಸಿಬಿಡಬೇಡಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಆ ಎಣ್ಣೆ ಎಲ್ಲಿಂದ ಬಂತು ಅನ್ನುವುದೇ ನಿಮ್ಮ ಪ್ರಶ್ನೆಗೆ ಉತ್ತರ. ಕ್ಲಚ್ಚಿನ ಒಂದು ಪಕ್ಕ ಗೇರ್ ಪೆಟ್ಟಿಗೆ, ಇನ್ನೊಂದು ಪಕ್ಕ ಎಂಜಿನ್ನಿನ ಕ್ರ್ಯಾಂಕ್‌ಕೇಸ್ (ಕ್ರ್ಯಾಂಕ್ ಕೂತಿರುವ ಗೂಡು). ಎರಡೂ ಕಡೆ ಒಂದೊಂದು ಆಯಿಲ್ ಸೀಲ್. ಯಾವುದು ಸೋರಿದೆ?

ಬೆರಳಲ್ಲಿ ಸ್ವಲ್ಪ ತೆಗೆದು ಮೂಸಿ. ಗೇರ್ ಆಯಿಲ್‌ಗೆ ಗಂಧಕದ ಘಾಟು ಇರುತ್ತದೆ, ಒಮ್ಮೆ ಮೂಸಿದವರು ಮರೆಯುವುದಿಲ್ಲ. ಮುಟ್ಟಿದರೆ ದಪ್ಪ, ಎಳೆ ಎಳೆಯಾಗಿ ಬರುತ್ತದೆ. ಎಂಜಿನ್ ಕಡೆಯಿಂದ ಬಂದಿದ್ದರೆ ಪೆಟ್ರೋಲ್ ವಾಸನೆ ಇರುತ್ತದೆ, ಎಣ್ಣೆ ತೆಳ್ಳಗಿರುತ್ತದೆ. ನೀವು ಪೆಟ್ರೋಲಿಗೆ ಬೆರೆಸುವ ಟೂ-ಟಿ ಆಯಿಲಿನ ಬಣ್ಣವೂ ಸ್ವಲ್ಪ ಉಳಿದಿರಬಹುದು. ಇದರ ಜೊತೆಗೆ ಆಗ ಅಳೆದಿಟ್ಟ ಗೇರ್ ಆಯಿಲನ್ನು ನೋಡಿ. ಹಾಕಿದಷ್ಟೂ ಹಾಗೇ ಇದ್ದರೆ ಗೇರ್ ಪೆಟ್ಟಿಗೆ ಸೋರಿಲ್ಲ.

ಗೇರ್ ಆಯಿಲ್ಲೇ ಆಗಿದ್ದರೆ ಕಾರಣ ನಿಮ್ಮ "ಸ್ವಲ್ಪ ಜಾಸ್ತಿ". ಈ ಪೆಟ್ಟಿಗೆಗಳಿಗೆ ಹಿಡಿಯುವುದು ಒಂದು ಟೀ ಲೋಟದಷ್ಟು, ಅಷ್ಟೇ. ಒಳಗೆ ಎಣ್ಣೆಯ ಮೇಲೆ ಖಾಲಿ ಜಾಗ ಇರಲೇಬೇಕು. ಜಾಸ್ತಿ ಹಾಕಿದರೆ ಗೇರ್ ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆಯುತ್ತದೆ. ಬಿಸಿಯಾಗುತ್ತದೆ, ನೊರೆ ಬರುತ್ತದೆ, ಒಳಗೆ ಒತ್ತಡ ಏರುತ್ತದೆ. ಗಾಳಿ ಬಿಡುವ ತೂತಿನಲ್ಲಿ ಧೂಳು ತುಂಬಿಕೊಂಡಿದ್ದರೆ ಇನ್ನೂ ಕಷ್ಟ. ಆ ಒತ್ತಡ ಸೀಲಿನ ತುಟಿಯನ್ನು ತಳ್ಳಿ ಹೊರಗೆ ಬರುತ್ತದೆ, ನೇರ ಕ್ಲಚ್ಚಿಗೇ. ಹೀಗಾಗಿದ್ದರೆ ಸೀಲ್ ಬದಲಿಸಿ, ತೂತು ಶುಚಿ ಮಾಡಿ, ಎಣ್ಣೆ ಅಳತೆಗೆ ಹಾಕಿ. ಕೆಲಸ ಮುಗಿಯಿತು.

ಆದರೆ ಅಷ್ಟಕ್ಕೇ ಐಡಲ್ ಏರುವುದಿಲ್ಲ. ನನ್ನ ಅನುಮಾನ ಇನ್ನೊಂದು ಕಡೆಯ ಸೀಲಿನ ಮೇಲೆ ಇರುವುದು ಇದೇ ಕಾರಣಕ್ಕೆ. ಟೂ-ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್‌ಕೇಸ್ ಅನ್ನುವುದು ಸುಮ್ನೆ ಒಂದು ಪೆಟ್ಟಿಗೆಯಲ್ಲ, ಅದೇ ಪಂಪ್. ಪಿಸ್ಟನ್ ಮೇಲೆ ಹೋದಾಗ ಎಳೆಯುತ್ತದೆ, ಕೆಳಗೆ ಬಂದಾಗ ಒತ್ತುತ್ತದೆ. ಕ್ಲಚ್ ಕಡೆಯ ಸೀಲ್ ಹರಿದಿದ್ದರೆ ಒತ್ತುವಾಗ ಎಣ್ಣೆ ಬೆರೆತ ಪೆಟ್ರೋಲನ್ನು ಕ್ಲಚ್ಚಿನ ಮೇಲೆ ಉಗುಳುತ್ತದೆ. ಎಳೆಯುವಾಗ ಹೊರಗಿನ ಗಾಳಿ ಕುಡಿಯುತ್ತದೆ. ಆ ಗಾಳಿ ಕಾರ್ಬ್ಯುರೇಟರಿನ ಮೂಲಕ ಬಂದಿಲ್ಲ, ಅದರ ಜೊತೆ ಪೆಟ್ರೋಲ್ ಇಲ್ಲ, ಎಣ್ಣೆಯೂ ಇಲ್ಲ. ಮಿಶ್ರಣ ತೆಳುವಾಗುತ್ತದೆ. ಐಡಲ್ ಏರುತ್ತದೆ. ಥ್ರಾಟಲ್ ಬಿಟ್ಟ ಮೇಲೂ ಎಂಜಿನ್ ತಕ್ಷಣ ಕೆಳಗಿಳಿಯದೆ ಸ್ವಲ್ಪ ಹೊತ್ತು ನೇತಾಡುತ್ತದೆ. ನಿಮಗೆ ಹಾಗೆ ಅನ್ನಿಸಿದೆಯಾ? ಪ್ಲಗ್ ತೆಗೆದು ನೋಡಿದರೆ ಕಂದು ಬಣ್ಣದ ಬದಲು ಬೆಳ್ಳಗಿದೆಯಾ? ಹೌದಾದರೆ ಒಂದೇ ಸೀಲ್ ನಿಮ್ಮ ಎಲ್ಲ ತೊಂದರೆಗಳನ್ನೂ ಹುಟ್ಟಿಸಿದೆ: ಐಡಲ್ ಏರಿದ್ದು, ಪ್ರಾಪ್ ತೆವಳಿದ್ದು, ಗೇರ್ ಬಡಿದಿದ್ದು, ಕ್ಲಚ್ ಜಾರಿದ್ದು. ಇನ್ನು ಬಾಕಿ ಇರುವುದು ಪಿಸ್ಟನ್ ಬಿಸಿಯಾಗಿ ಹಿಡಿದುಕೊಳ್ಳುವುದು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಕೆಲವು ವರ್ಷಗಳ ಹಿಂದೆ ನನ್ನ ಎಂಜಿನ್ನಿನಲ್ಲಿ ಕ್ಲಚ್ ಜಾರತೊಡಗಿತು. ಒಬ್ಬ ಮೆಕ್ಯಾನಿಕ್ ಹೊಸ ಶೂ ಹಾಕಿಕೊಟ್ಟರು. ಇಪ್ಪತ್ತು ಗಂಟೆಗೆ ಮತ್ತೆ ಜಾರಿತು. ಮತ್ತೆ ಹೊಸ ಶೂ. ಎಣ್ಣೆ ಎಲ್ಲಿಂದ ಬರುತ್ತಿದೆ ಅಂತ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮೂರನೇ ಸಲ ಹೊಲಗಳ ಮೇಲೆ ನೂರೈವತ್ತು ಮೀಟರ್ ಎತ್ತರದಲ್ಲಿ ಪಿಸ್ಟನ್ ಹಿಡಿದು ಎಂಜಿನ್ ನಿಂತಿತು. ಕಡಲೆ ಹೊಲವೊಂದರಲ್ಲಿ ಇಳಿದೆ. ರೆಕ್ಕೆ ಇತ್ತು, ಜಾಗ ಇತ್ತು, ಏನೂ ಆಗಲಿಲ್ಲ. ಕೆಳಗೆ ಮರಗಳೋ ಕೆರೆಯೋ ಇದ್ದಿದ್ದರೆ ಕಥೆ ಬೇರೆ. ಕೆಲವು ನೂರು ರೂಪಾಯಿಯ ಸೀಲ್ ಅದು.

ಹಾಗಾಗಿ ಕ್ರ್ಯಾಂಕ್‌ಕೇಸಿನ ಒತ್ತಡ ಪರೀಕ್ಷೆ ಮಾಡಲೇಬೇಕು. ದೊಡ್ಡ ಉಪಕರಣ ಬೇಡ. ಔಷಧಿ ಅಂಗಡಿಯಲ್ಲಿ ಸಿಗುವ, ಕೈಯಲ್ಲಿ ಒತ್ತಿ ಗಾಳಿ ತುಂಬುವ ಹಳೇ ಮಾದರಿಯ ಬಿಪಿ ಮೆಷಿನ್ ಸಾಕು. ಅದರ ಮುಳ್ಳಿನ ಮೀಟರು 300 ತನಕ ಇರುತ್ತದೆ. 300 ಮಿಲಿಮೀಟರ್ ಪಾದರಸ ಅಂದರೆ 0.4 ಬಾರ್, ನಮಗೆ ಬೇಕಾಗಿರುವುದೂ ಅಷ್ಟೇ. ಸೈಲೆನ್ಸರ್ ತೆಗೆದು ಎಕ್ಸಾಸ್ಟ್ ದಾರಿಗೆ ಸೈಕಲ್ ಟ್ಯೂಬಿನ ರಬ್ಬರ್ ತುಂಡು, ಅದರ ಮೇಲೆ ತಗಡು ಇಟ್ಟು ಬೋಲ್ಟ್ ಬಿಗಿಯಿರಿ. ಕಾರ್ಬ್ಯುರೇಟರ್ ಕಡೆಯನ್ನೂ ಹಾಗೇ ಮುಚ್ಚಿ, ಅದರಲ್ಲಿ ಒಂದು ನಳಿಕೆ ಕೂರಿಸಿ ಬಿಪಿ ಬಲ್ಬ್ ಜೋಡಿಸಿ. ಕಾರ್ಬ್ಯುರೇಟರಿಗೆ ಪಲ್ಸ್ ಪೈಪ್ (ಕ್ರ್ಯಾಂಕ್‌ಕೇಸಿನ ಒತ್ತಡ ತರುವ ಸಣ್ಣ ಪೈಪ್) ಇದ್ದರೆ ಅದನ್ನೂ ಮುಚ್ಚಿ. ಪ್ಲಗ್ ಹಾಕಿರಲಿ. ಪಿಸ್ಟನ್ ಕೆಳಗಿರಲಿ. ನಿಧಾನ 280, 300ರ ತನಕ ಒತ್ತಿ. ಅದಕ್ಕಿಂತ ಮೇಲೆ ಹೋಗಬೇಡಿ, ಒಳ್ಳೆಯ ಸೀಲೂ ಎದ್ದು ಬರಬಹುದು. ಮುಳ್ಳು ಐದು ನಿಮಿಷ ಹೆಚ್ಚುಕಡಿಮೆ ಅಲ್ಲೇ ನಿಂತರೆ ಎಂಜಿನ್ ಗಟ್ಟಿ. ಕಣ್ಣೆದುರೇ ಜಾರಿದರೆ ಸೋಪಿನ ನೀರನ್ನು ಬ್ರಷ್‌ನಲ್ಲಿ ಸವರಿ. ಗುಳ್ಳೆ ಎಲ್ಲಿ ಏಳುತ್ತದೆಯೋ ಅಲ್ಲಿದೆ ಕಳ್ಳ. ಕ್ಲಚ್ ಕಡೆಯ ಸೀಲಿನಲ್ಲಿ ಗುಳ್ಳೆ ಬಂದರೆ ಅನುಮಾನ ಮುಗಿಯಿತು. ಸಿಲಿಂಡರ್ ಬುಡದ ಗ್ಯಾಸ್ಕೆಟ್, ರೀಡ್ ವಾಲ್ವ್ ಹತ್ತಿರ, ಮ್ಯಾಗ್ನೆಟ್ ಕಡೆಯ ಸೀಲ್, ಇವನ್ನೂ ಸವರಿ ನೋಡಿ.

ಸೀಲ್ ಬದಲಿಸಲು ಕ್ಲಚ್ ಹಬ್ ಬಿಚ್ಚಬೇಕು. ಎರಡು ಎಚ್ಚರಿಕೆ. ಕ್ರ್ಯಾಂಕ್ ತುದಿಗೆ ಸುತ್ತಿಗೆ ಮುಟ್ಟಿಸಬೇಡಿ. ಈ ಕ್ರ್ಯಾಂಕುಗಳು ತುಂಡು ತುಂಡಾಗಿ ಪ್ರೆಸ್ ಮಾಡಿ ಜೋಡಿಸಿದವು. ಒಂದು ಪೆಟ್ಟಿಗೆ ನೇರ ತಪ್ಪುತ್ತವೆ, ಆಮೇಲೆ ಲೇತ್ ಮೇಲೆ ಕೂರಿಸಿ ಸರಿ ಮಾಡಿಸುವ ತನಕ ನಡುಕ ಹೋಗುವುದಿಲ್ಲ. ಸರಿಯಾದ ಪುಲ್ಲರ್ ಬಳಸಿ. ನಟ್ ಎಡಕ್ಕೆ ಬಿಚ್ಚುವುದೋ ಬಲಕ್ಕೋ ಅಂತ ಮ್ಯಾನುಯಲ್ ನೋಡಿ ಖಚಿತ ಮಾಡಿಕೊಳ್ಳಿ. ಎಂಜಿನ್ ತಿರುಗದ ಹಾಗೆ ಹಿಡಿಯಲು ಪ್ಲಗ್ ತೂತಿನಿಂದ ಮೆತ್ತನೆಯ ನೈಲಾನ್ ಹಗ್ಗ ತೂರಿಸುವುದು ಹಳೆಯ ಉಪಾಯ. ಪಿಸ್ಟನ್ ಎಕ್ಸಾಸ್ಟ್ ಕಿಂಡಿಯನ್ನು ದಾಟಿ ಮೇಲೆ ಬಂದ ಮೇಲೆಯೇ ಹಗ್ಗ ಹಾಕಿ. ಇಲ್ಲದಿದ್ದರೆ ಹಗ್ಗ ಕಿಂಡಿಯಲ್ಲಿ ಸಿಕ್ಕಿ ಅದರ ಅಂಚು ಮುರಿಯಬಹುದು.

ಹಳೇ ಸೀಲ್ ತೆಗೆದಾಗ ಕ್ರ್ಯಾಂಕನ್ನು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಕೈಗೆ ಆಟ ಸಿಕ್ಕರೆ ಬೇರಿಂಗ್ ಹೋಗಿದೆ. ಆಗ ಹೊಸ ಸೀಲ್ ಮಾತ್ರ ಹಾಕಿ ಪ್ರಯೋಜನವಿಲ್ಲ, ಕುಣಿಯುವ ಶಾಫ್ಟ್ ಅದನ್ನೂ ತಿನ್ನುತ್ತದೆ. ಹೊಸ ಸೀಲಿನ ತುಟಿಗೆ ಸ್ವಲ್ಪ ಗ್ರೀಸ್ ಸವರಿ, ಸ್ಪ್ರಿಂಗ್ ಕಾಣುವ ಮೈ ಕ್ರ್ಯಾಂಕ್‌ಕೇಸಿನ ಕಡೆಗೆ ಬರುವಂತೆ ಸಮವಾಗಿ ಕೂರಿಸಿ. ಕೂರಿಸಿದ ಮೇಲೆ ಬಿಪಿ ಮೆಷಿನ್ ಪರೀಕ್ಷೆ ಇನ್ನೊಮ್ಮೆ ಮಾಡಿ.

ಕ್ಲಚ್ ಉಳಿಸಬಹುದಾ? ಲೈನಿಂಗ್ ಮೇಲ್ಮೈ ಮಾತ್ರ ಹೊಳಪಾಗಿದ್ದರೆ ಬ್ರೇಕ್ ಕ್ಲೀನರ್‌ನಲ್ಲಿ ತೊಳೆದು, 120ರ ಎಮರಿಯಲ್ಲಿ ಹಗುರವಾಗಿ ಉಜ್ಜಿ ಹಾಕಬಹುದು. ಎಣ್ಣೆ ಒಳಗೇ ಇಳಿದಿದ್ದರೆ ಎಷ್ಟು ತೊಳೆದರೂ ಬಿಸಿಯಾದಾಗ ಮತ್ತೆ ಬೆವರುತ್ತದೆ. ಆಗ ಬದಲಿಸಿ, ಜಿಪುಣತನ ಬೇಡ. ಬೆಲ್ಲಿನ ಒಳಮೈಯನ್ನೂ ಉಜ್ಜಿ. ಅದು ನೀಲಿಗೆ ತಿರುಗಿದ್ದರೆ ತುಂಬಾ ಕಾದಿದೆ ಅಂತ ಅರ್ಥ. ಬೆಳಕಿಗೆ ಹಿಡಿದು ಕೂದಲೆಳೆಯಂಥ ಬಿರುಕು ಹುಡುಕಿ, ಅದರಲ್ಲೂ ಅಂಚಿನಲ್ಲಿ ಮತ್ತು ನಡುವಿನ ಹಬ್ಬಿನ ಸುತ್ತ. ಬಿರುಕು ಕಂಡರೆ ಅದು ಗುಜರಿಗೆ. ಸ್ಪ್ರಿಂಗುಗಳ ಉದ್ದ ಒಂದಕ್ಕೊಂದು ಹೋಲಿಸಿ. ಒಂದು ಜೋತುಬಿದ್ದಿದ್ದರೂ ಆ ಶೂ ಬೇಗ ಹೊರಗೆ ಬರುತ್ತದೆ, ಪ್ರಾಪ್ ಐಡಲ್‌ನಲ್ಲಿ ತಿರುಗುತ್ತದೆ. ಬದಲಿಸುವುದಾದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ.

ಗೇರ್ ಪೆಟ್ಟಿಗೆ ಹೇಗೂ ಬಿಚ್ಚಿದ್ದೀರಿ, ಅದನ್ನೂ ಓದಿಬಿಡಿ. ಡ್ರೇನ್ ಬೋಲ್ಟಿನಲ್ಲಿ ಆಯಸ್ಕಾಂತ ಇದ್ದರೆ ಅದಕ್ಕೆ ಅಂಟಿದ್ದನ್ನು ಬೆರಳುಗಳ ನಡುವೆ ತಿಕ್ಕಿ. ವಿಭೂತಿಯಂತೆ ನುಣ್ಣಗಿನ ಬೂದು ಲೇಪ ಇದ್ದರೆ ಸಹಜ, ಹೊಸ ಗೇರಿನಲ್ಲಿ ಇನ್ನೂ ಜಾಸ್ತಿ ಬರುತ್ತದೆ. ಅದಕ್ಕೇ ಹೊಸ ಪೆಟ್ಟಿಗೆಯ ಮೊದಲ ಎಣ್ಣೆಯನ್ನು ಬೇಗ ಬದಲಿಸುವುದು. ಬೆರಳಿಗೆ ಚುಚ್ಚುವ ಚೂರು, ಹೊಳೆಯುವ ಹಾಳೆಯಂಥ ತುಣುಕು ಸಿಕ್ಕರೆ ಹಲ್ಲೋ ಬೇರಿಂಗೋ ಒಡೆಯುತ್ತಿದೆ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ಬಂದಿದ್ದರೆ ನೀರು ಸೇರಿದೆ. ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತ ಎಂಜಿನ್‌ಗಳಲ್ಲಿ ಇದು ಆಗಬಹುದು. ಕರಾವಳಿ, ಮಲೆನಾಡಿನವರು ಮಳೆಗಾಲ ಮುಗಿದ ಕೂಡಲೇ ಎಣ್ಣೆ ಬದಲಿಸಿಬಿಡುವುದು ಒಳ್ಳೆಯದು. ಯಾವ ಎಣ್ಣೆ, ಎಷ್ಟು ಅನ್ನುವುದನ್ನು ನಿಮ್ಮ ಎಂಜಿನ್ನಿನ ಮ್ಯಾನುಯಲ್ಲೇ ಹೇಳಬೇಕು. ಸಿರಿಂಜಿನಲ್ಲಿ ಅಳೆದು ಹಾಕಿ, ಕಣ್ಣಳತೆ ಬೇಡ.

ಬೇರಿಂಗ್ ನೋಡಲು ಪ್ರಾಪ್ ಹಬ್ ಹಿಡಿದು ಎರಡು ರೀತಿ ಅಲ್ಲಾಡಿಸಿ. ಸುತ್ತುವ ದಿಕ್ಕಿನಲ್ಲಿ ಒಂದು ಕೂದಲಿನಷ್ಟು ಆಟ ಇರಬೇಕು, ಅದು ಹಲ್ಲುಗಳ ನಡುವಿನ ಸಂದು, ಇಲ್ಲದಿದ್ದರೆ ಬಿಸಿಯಾದಾಗ ಗೇರ್ ಕಚ್ಚಿಕೊಳ್ಳುತ್ತದೆ. ಮೇಲೆ ಕೆಳಗೆ ಅಥವಾ ಹಿಂದೆ ಮುಂದೆ ಕೈಗೆ ಗೊತ್ತಾಗುವಷ್ಟು ಆಟ ಇರಬಾರದು. ಎಂದಾದರೂ ಪ್ರಾಪ್ ನೆಲಕ್ಕೆ ಬಡಿದಿದೆಯಾ? ಹಳೇ ಮಾಲೀಕರನ್ನೂ ಕೇಳಿ. ಬಡಿದಿದ್ದರೆ ಶಾಫ್ಟ್ ತುದಿಗೆ ಡಯಲ್ ಗೇಜ್ ಇಟ್ಟು ತಿರುಗಿಸಿ ನೇರ ನೋಡಿಸಿ. ಪ್ರಾಪ್ ಹೊಸದು ಹಾಕಿದರೆ ಸಾಲದು, ಆ ಪೆಟ್ಟು ಶಾಫ್ಟ್, ಹಲ್ಲು, ಬೇರಿಂಗ್ ಎಲ್ಲವನ್ನೂ ಹಾದು ಹೋಗಿರುತ್ತದೆ.

ಇನ್ನೊಂದು ವಿಷಯ. ಗೇರ್ ಸದ್ದು ಅಂತ ಜನ ಹೇಳುವುದು ಎಷ್ಟೋ ಸಲ ಪ್ರಾಪ್ ಬೋಲ್ಟಿನ ಸದ್ದಾಗಿರುತ್ತದೆ. ಮರದ ಪ್ರಾಪ್ ಆಗಿದ್ದರಂತೂ ಬೇಸಿಗೆಯಲ್ಲಿ ಮರ ಒಣಗಿ ಕುಗ್ಗುತ್ತದೆ, ಬೋಲ್ಟ್ ತಾನೇ ಸಡಿಲವಾಗುತ್ತದೆ. ಪ್ರಾಪ್ ತಯಾರಿಸಿದವರು ಹೇಳಿದ ಟಾರ್ಕಿಗೆ ಟಾರ್ಕ್ ರೆಂಚ್‌ನಲ್ಲೇ, ಎದುರುಬದುರು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಮೊದಲ ಹಾರಾಟದ ನಂತರ ಮತ್ತೊಮ್ಮೆ ನೋಡಿ.

ಈಗ ಗೆಳೆಯರ ಬೆಲ್ಟ್ ಸಲಹೆ. ಬೇಡ. ಬೆಲ್ಟ್ ಕೆಟ್ಟದ್ದು ಅಂತಲ್ಲ. ಸರಳ, ಎಣ್ಣೆ ಬೇಡ, ಹೊಡೆತಗಳನ್ನು ತಾನೇ ನುಂಗಿಕೊಳ್ಳುತ್ತದೆ. ಆದರೆ ಬೆಲ್ಟ್ ಹಿಡಿಯಬೇಕಾದರೆ ಎಳೆದು ಕಟ್ಟಬೇಕು, ಆ ಎಳೆತ ದಿನವಿಡೀ ಕ್ರ್ಯಾಂಕಿನ ಬೇರಿಂಗ್ ಮೇಲಿರುತ್ತದೆ. 20 ಎಚ್‌ಪಿ ಎಂಜಿನ್ 7000 ಆರ್‌ಪಿಎಂನಲ್ಲಿ, 6 ಸೆಂ.ಮೀ. ವ್ಯಾಸದ ಪುಲ್ಲಿಯ ಮೂಲಕ ಓಡಿದರೆ, ಶಕ್ತಿ ದಾಟಿಸಲಿಕ್ಕೇ ಬೆಲ್ಟಿನ ಎರಡು ಪಕ್ಕಗಳ ನಡುವೆ ಸುಮಾರು 70 ಕೆ.ಜಿ. ಎಳೆತದ ವ್ಯತ್ಯಾಸ ಬೇಕು. ಶಾಫ್ಟಿನ ಮೇಲೆ ಬೀಳುವುದು ಅದಕ್ಕಿಂತ ಜಾಸ್ತಿ. ಬೆಲ್ಟ್‌ಗಾಗಿ ಮಾಡಿದ ಎಂಜಿನ್‌ನಲ್ಲಿ ಬೇರಿಂಗನ್ನು ಆ ಲೆಕ್ಕದಲ್ಲೇ ಇಟ್ಟಿರುತ್ತಾರೆ. ನಿಮ್ಮದರಲ್ಲಿ ಇಟ್ಟಿಲ್ಲ.

ಆ ಗೆಳೆಯರಿಗೆ ನನ್ನ ಕಡೆಯಿಂದ ಒಂದು ಮಾತು ಹೇಳಿ. ಪುಲ್ಲಿಯ ಸುತ್ತ ಕಪ್ಪು ಪುಡಿ ಕಂಡರೆ ಅವರ ಬೆಲ್ಟ್ ಜಾರುತ್ತಿದೆ ಅಥವಾ ಪುಲ್ಲಿಗಳು ಒಂದೇ ನೇರದಲ್ಲಿಲ್ಲ. ಸ್ಟೀಲ್ ಸ್ಕೇಲನ್ನು ಎರಡೂ ಪುಲ್ಲಿಯ ಮುಖಕ್ಕೆ ಒತ್ತಿ ಹಿಡಿದರೆ ನೇರ ಗೊತ್ತಾಗುತ್ತದೆ. ಬೆಲ್ಟಿನ ಒಂದೇ ಅಂಚು ಸವೆದಿದ್ದರೂ ಅದೇ ಕಾರಣ. ಬಿಗಿ ಮಾಡುವಾಗ ತಣ್ಣಗಿರುವ ಎಂಜಿನ್‌ನಲ್ಲಿ ಮ್ಯಾನುಯಲ್ ಹೇಳಿದಷ್ಟೇ ಬಿಗಿ ಮಾಡಬೇಕು. ಬಿಸಿಯಾದಾಗ ಅಲ್ಯೂಮಿನಿಯಂ ಹಿಗ್ಗಿ ಬೆಲ್ಟ್ ತಾನೇ ಇನ್ನಷ್ಟು ಬಿಗಿಯಾಗುತ್ತದೆ. ಜಾರುತ್ತಿದೆ ಅಂತ ತಂತಿಯಂತೆ ಎಳೆದು ಕಟ್ಟುವವರು ಬೆಲ್ಟ್ ಉಳಿಸಿ ಬೇರಿಂಗ್ ಕಳೆದುಕೊಳ್ಳುತ್ತಾರೆ. ಜಾರದಿರಲಿ ಅಂತ ಅಂಟಿನ ಸ್ಪ್ರೇ ಹೊಡೆಯುವುದೂ ಬೇಡ, ಧೂಳು ಹಿಡಿದು ಇನ್ನೂ ಬೇಗ ಸವೆಯುತ್ತದೆ. ಈಗಿನ ಬೆಲ್ಟುಗಳ ರಬ್ಬರ್ ಹಳೆಯವುಗಳಂತೆ ಬಿರುಕು ಬಿಡುವುದಿಲ್ಲ, ನೋಡಲು ಚೆನ್ನಾಗಿದ್ದೂ ಸವೆದಿರುತ್ತದೆ. ಹೊಸ ಬೆಲ್ಟಿನ ಪಕ್ಕ ಇಟ್ಟು ಗೀರುಗಳ ಆಳ ಹೋಲಿಸಿದರೆ ಮಾತ್ರ ಗೊತ್ತಾಗುವುದು.

ನಿಮ್ಮದಕ್ಕೆ ಬರೋಣ. ಎಲ್ಲ ಜೋಡಿಸಿದ ಮೇಲೆ ಐಡಲನ್ನು ಮ್ಯಾನುಯಲ್ ಹೇಳಿದ ಸಂಖ್ಯೆಗೆ ಇಟ್ಟುಕೊಳ್ಳಿ. ಕಾರ್ಬ್ಯುರೇಟರ್ ಸೆಟ್ಟಿಂಗನ್ನೂ ಹೊಸದಾಗಿ ನೋಡಬೇಕಾಗುತ್ತದೆ, ಯಾಕೆಂದರೆ ಇಷ್ಟು ದಿನ ಕಳ್ಳಗಾಳಿಗೆ ಹೊಂದಿಸಿ ತಿರುಗಿಸುತ್ತಾ ಬಂದಿದ್ದೀರಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡಲ್‌ನಲ್ಲಿ ಪ್ರಾಪ್ ಪೂರ್ತಿ ನಿಲ್ಲಬೇಕು. ಥ್ರಾಟಲ್ ಒಮ್ಮೆ ಏರಿಸಿ ಬಿಟ್ಟರೆ ತಡವಿಲ್ಲದೆ ಐಡಲ್‌ಗೆ ಇಳಿಯಬೇಕು. ಆಮೇಲೆ ಅದೇ ಜಾಗದಲ್ಲಿ, ಅದೇ ದೂರದಲ್ಲಿ ಫೋನ್ ಇಟ್ಟು ಮತ್ತೆ ರೆಕಾರ್ಡ್ ಮಾಡಿ. ಅರ್ಧ ಥ್ರಾಟಲ್‌ನ ಲೆಕ್ಕವೂ ಪೂರ್ತಿ ಥ್ರಾಟಲ್‌ನ ಲೆಕ್ಕವೂ ಒಂದೇ ಬಂದರೆ ಹಾರಲು ಹೋಗಿ. ಆ ಸಂಖ್ಯೆಯನ್ನು ದಿನಾಂಕ ಮತ್ತು ಎಂಜಿನ್ ಗಂಟೆಯ ಜೊತೆ ನಿಮ್ಮ ಲಾಗ್ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ, 25 ಗಂಟೆಗೊಮ್ಮೆ ರೆಕಾರ್ಡ್ ಮಾಡಿ ಅದರ ಪಕ್ಕಕ್ಕೆ ಹೊಸದನ್ನು ಬರೆಯುತ್ತಾ ಹೋಗಿ. ಸೋಪಿನ ಗುಳ್ಳೆ ಎಲ್ಲಿ ಎದ್ದಿತು ಅಂತ ನನಗೂ ಒಂದು ಸಾಲು ಬರೆದು ತಿಳಿಸಿ.